ಮೂರು ಜಾರು, ಮೂರು ಬತ್ತಿ

ಶ್ರಾವಣದ ಒಂದು ಭಾನುವಾರ ಗದಗಿನಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಮುಂದೆ ಕ್ಯಾಂಡಲ್ ಮಾಡಿ ಮಾರುವ ಬಗ್ಗೆ ಆಡಿದ ಮಾತುಗಳಿವು. ಅಂದು ಬರಲಾಗದ ಕೆಲವರು ಆಮೇಲೆ ಫೋನ್ ಮಾಡಿ ಕೇಳಿದರು, ಅದಕ್ಕೇ ಬರೆದಿದ್ದೇನೆ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ಒಂದೇ ಸಲಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಮೂರು ಕ್ಯಾಂಡಲ್ ಹಚ್ಚಿಬಿಡುತ್ತೇನೆ. ನೋಡಲು ಮೂರೂ ಒಂದೇ ಥರ ಇವೆ, ಅಲ್ವಾ? ಒಂದೇ ಅಳತೆಯ ಗಾಜಿನ ಜಾರು, ಒಂದೇ ಮೇಣ, ಒಂದೇ ದಿನ ಹೊಯ್ದದ್ದು. ಒಳಗಿನ ಬತ್ತಿ ಮಾತ್ರ ಬೇರೆ. ಎಡಗಡೆಯದು ಸಣ್ಣ ಬತ್ತಿ, ನಡುವಿನದು ಮಧ್ಯಮ, ಬಲಗಡೆಯದು ದಪ್ಪ. ನನ್ನ ಮಾತು, ನಿಮ್ಮ ಪ್ರಶ್ನೆ ಎಲ್ಲ ಸೇರಿ ಎರಡು ತಾಸು ಆಗುತ್ತದೆ. ಕೊನೆಗೆ ಎಲ್ಲರೂ ಮೇಜಿನ ಹತ್ತಿರ ಬಂದು ನೋಡೋಣ. ಆ ಫ್ಯಾನ್ ಸ್ವಲ್ಪ ಬಂದ್ ಮಾಡ್ತೀರಾ? ಬೇಡ ಅಂತೀರಾ? ಆಯ್ತು, ಇಷ್ಟು ಜನ ಕೂತಿದ್ದೇವೆ, ಸೆಕೆ ಆಗುವುದೇ. ಒಂದರ ಮೇಲೆ ಇಡಿ, ಸಾಕು.

ನಾನು ಧಾರವಾಡದವಳು. ಆರು ವರ್ಷದಿಂದ ಮನೆಯಲ್ಲೇ ಸುವಾಸನೆಯ ಕ್ಯಾಂಡಲ್ ಮಾಡಿ ಮಾರುತ್ತಿದ್ದೇನೆ. ಹಿಂದಿನ ಪಡಸಾಲೆ, ಒಂದು ಒಲೆ, ಎರಡು ಕಪಾಟು, ಇಷ್ಟೇ ನನ್ನ ಫ್ಯಾಕ್ಟರಿ. ಮೇಣದಬತ್ತಿ ಎನ್ನುವ ಚೆಂದದ ಮಾತು ನಮ್ಮಲ್ಲಿದೆ. ಆದರೆ ಮೇಣದಬತ್ತಿ ಅಂದರೆ ಕರೆಂಟ್ ಹೋದಾಗ ಹಚ್ಚುವ ಬಿಳಿ ಕಡ್ಡಿ ಎಂದು ಗಿರಾಕಿಗಳು ತಿಳಿಯುತ್ತಾರೆ, ಹತ್ತು ರೂಪಾಯಿ ಕೊಡುತ್ತಾರೆ. ಕ್ಯಾಂಡಲ್ ಅಂದರೆ ನಾಲ್ಕುನೂರು ಕೊಡುತ್ತಾರೆ. ಹಾಗಾಗಿ ನಾನೂ ಕ್ಯಾಂಡಲ್ ಎಂದೇ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ದೀಪಾವಳಿಗೆ 40 ಜಾರು ಮಾಡಿದ್ದೆ. ಮೇಲೆ ಒಣಗಿದ ಗುಲಾಬಿ ಪಕಳೆ, ಅಲ್ಲಲ್ಲಿ ಮಿನುಗು. ಫೋಟೋ ನೋಡಿಯೇ ಜನ ಮುಗಿಬಿದ್ದರು. ಮೂರು ದಿನದಲ್ಲಿ ಎಲ್ಲ ಖಾಲಿ. ನಾಲ್ಕನೇ ದಿನ ಹುಬ್ಬಳ್ಳಿಯ ವಿದ್ಯಾನಗರದಿಂದ ಫೋನ್ ಬಂತು. "ವೈನಿ, ನಿಮ್ಮ ಹೂವಿಗೆ ಬೆಂಕಿ ಹತ್ತಿತ್ರೀ. ಗ್ಲಾಸು ಟಪ್ ಅಂತ ಒಡೀತು." ಪುಣ್ಯಕ್ಕೆ ಟೀಪಾಯಿ ಮೇಲೆ ಮೇಣ ಚೆಲ್ಲಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ರೊಕ್ಕ ವಾಪಸ್ ಕೊಟ್ಟೆ. ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಪಕಳೆ ತೆಗೆದುಹಾಕಿ ಹಚ್ಚಿ ಎಂದು ಕೇಳಿಕೊಂಡೆ. ರಾತ್ರಿ ಮಲಗಿದಾಗ ನೆನಪಾಯಿತು. 40 ಮಾಡಿದ್ದೆನಲ್ಲ, ಒಂದನ್ನೂ ತಳದ ತನಕ ಉರಿಸಿ ನೋಡಿರಲಿಲ್ಲ. ಉಪ್ಪಿನಕಾಯಿ ಹಾಕಿ, ಒಂದು ಹೋಳನ್ನೂ ಬಾಯಿಗಿಡದೆ ಊರಿಗೆಲ್ಲ ಮಾರಿದ ಹಾಗೆ.

ಅಂದಿನಿಂದ ನನ್ನದು ಒಂದೇ ಹಟ. ಹೊಸ ಜಾರು, ಹೊಸ ಮೇಣ, ಹೊಸ ಸೆಂಟು, ಇವುಗಳಲ್ಲಿ ಯಾವುದೊಂದು ಬದಲಾದರೂ ಮೊದಲು ನಮ್ಮ ಮನೆಯಲ್ಲಿ ಉರಿಯಬೇಕು, ಆಮೇಲೆ ಮಾರಾಟ. ಇವತ್ತು ನಾನು ಏನೇ ಹೇಳಿದರೂ ತಿರುಗಿ ಅಲ್ಲಿಗೇ ಬರುತ್ತೇನೆ.

ಈಗ ನೀವು ಹೇಳಿ. ಕ್ಯಾಂಡಲ್‌ನಲ್ಲಿ ಉರಿಯುವುದು ಏನು? ಬತ್ತಿ ಅಂತೀರಾ? ಅಲ್ಲಿ ಹಿಂದೆ ಒಬ್ಬರು ಮೇಣ ಅಂದರು. ನೋಡಿ, ಈ ನಾಲ್ಕನೇ ಕ್ಯಾಂಡಲ್ ಇದಕ್ಕೆಂದೇ ತಂದದ್ದು. ಉಫ್ ಎಂದು ಆರಿಸುತ್ತೇನೆ. ಬಿಳಿ ಹೊಗೆ ಎದ್ದಿತಲ್ಲ? ಕಡ್ಡಿ ಗೀರಿ, ಬತ್ತಿಗೆ ಮುಟ್ಟಿಸದೆ, ಒಂದು ಇಂಚು ಮೇಲೆ ಆ ಹೊಗೆಗೆ ಹಿಡಿಯುತ್ತೇನೆ. ನೋಡಿ! ಬೆಂಕಿ ಮೇಲಿಂದ ಜಿಗಿದು ಬತ್ತಿಗೆ ಹತ್ತಿಕೊಂಡಿತು. ಆ ಬಿಳಿ ಹೊಗೆ ಅಂದರೆ ಆವಿಯಾಗಿದ್ದ ಮೇಣ, ತಣ್ಣಗಾಗಿ ಸಣ್ಣ ಹನಿಗಳಾಗಿದ್ದು. ಮೇಣ ಕರಗಿ, ಬತ್ತಿಯಲ್ಲಿ ಮೇಲೇರಿ, ಅಲ್ಲಿ ಆವಿಯಾಗಿ ಉರಿಯುತ್ತದೆ. ಬತ್ತಿ ಬರೀ ಏಣಿ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ 1860ರ ಕ್ರಿಸ್‌ಮಸ್ ಹೊತ್ತಿಗೆ ಶುರು ಮಾಡಿ, ಮಕ್ಕಳಿಗಾಗಿ ಕ್ಯಾಂಡಲ್ ಒಂದರ ಮೇಲೆಯೇ ಆರು ಉಪನ್ಯಾಸ ಕೊಟ್ಟಿದ್ದ. ಅವನೂ ಈ ಆಟ ತೋರಿಸಿದ್ದ. ನನಗೆ ಎರಡು ತಾಸು ಕೊಟ್ಟಿದ್ದೀರಿ, ಅವನ ಮುಂದೆ ಕಡಿಮೆಯೇ.

ಏಣಿ ಸಣ್ಣದಾದರೆ ಮೇಣ ಸಾಕಷ್ಟು ಏರುವುದಿಲ್ಲ. ಜ್ಯೋತಿ ಚಿಕ್ಕದು, ಕಾವು ಕಡಿಮೆ. ನಡುವೆ ಮಾತ್ರ ಕರಗಿ ಬಾವಿ ತೋಡಿದ ಹಾಗೆ ಆಗುತ್ತದೆ, ಸುತ್ತಲಿನ ಮೇಣ ಗೋಡೆಯಂತೆ ನಿಂತುಬಿಡುತ್ತದೆ. ಏಣಿ ದಪ್ಪವಾದರೆ ಜಾಸ್ತಿ ಮೇಣ ಏರಿ, ಪೂರ್ತಿ ಉರಿಯಲಾಗದೆ ಮಸಿ ಕಾರುತ್ತದೆ. ಬತ್ತಿಯ ತುದಿಯಲ್ಲಿ ಅಣಬೆಯಂಥ ಕರಿ ಗಡ್ಡೆ ಕಟ್ಟುತ್ತದೆ. ಗ್ಲಾಸು ಮುಟ್ಟಲಾಗದಷ್ಟು ಸುಡುತ್ತದೆ. ಸುವಾಸನೆಯೂ ಬತ್ತಿಯ ಕೈಯಲ್ಲೇ ಇದೆ. ಕರಗಿದ ಮೇಣ ಎಷ್ಟು ಅಗಲಕ್ಕೆ ಹರಡಿದೆಯೋ ಅಷ್ಟರಿಂದ ಪರಿಮಳ ಏಳುತ್ತದೆ. ವಾಸನೆ ಬರುತ್ತಿಲ್ಲ ಎಂದು ಸೆಂಟು ಜಾಸ್ತಿ ಸುರಿಯುವವರು ಬತ್ತಿ ಬದಲಿಸಿದರೆ ಎಷ್ಟೋ ಸಲ ಕೆಲಸ ಆಗುತ್ತದೆ, ರೊಕ್ಕವೂ ಉಳಿಯುತ್ತದೆ.

ಬತ್ತಿ ಹೊಸೆಯುವುದು ನಮಗೆ ಹೊಸದೇನಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮತ್ತೆಯವರು ತೊಡೆಯ ಮೇಲೆ ಹೊಸೆದ ಬತ್ತಿಯನ್ನೇ ಮೊದಲ ಜಾರಿಗೆ ಇಳಿಸಿದ್ದೆ. ಕಾಲು ತಾಸಿನಲ್ಲಿ ಕರಿ ಹೊಗೆ. ಪಣತಿಯಲ್ಲಿ ಬತ್ತಿ ಅಂಚಿಗೆ ಒರಗಿರುತ್ತದೆ, ಕುಡಿ ಕರಕಾದರೆ ಕಡ್ಡಿಯಿಂದ ತಟ್ಟಿ ಮುಂದಕ್ಕೆ ತಳ್ಳುತ್ತೇವೆ. ಕ್ಯಾಂಡಲ್‌ನಲ್ಲಿ ತಳ್ಳುವವರು ಯಾರು? ಬತ್ತಿ ತನ್ನ ತುದಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೇ ಕ್ಯಾಂಡಲ್ ಬತ್ತಿಯನ್ನು ಜಡೆಯ ಹಾಗೆ ಹೆಣೆದಿರುತ್ತಾರೆ. ಉರಿಯುತ್ತ ತುದಿ ಸ್ವಲ್ಪ ಬಾಗುತ್ತದೆ, ಜ್ಯೋತಿಯ ಅಂಚಿಗೆ ಬಂದು ಬೂದಿಯಾಗುತ್ತದೆ. ಫ್ರಾನ್ಸಿನಲ್ಲಿ 1820ರ ದಶಕದಲ್ಲಿ ಹೆಣೆದ ಬತ್ತಿ ಬರುವ ತನಕ ಜನ ಕತ್ತರಿ ಹಿಡಿದು ಕ್ಯಾಂಡಲ್ ಮುಂದೆ ಕೂರಬೇಕಿತ್ತು. ನಮ್ಮತ್ತೆಯವರಿಗೆ ಇದನ್ನೆಲ್ಲ ಹೇಳಿದೆ. "ಹಂಗಾರ ಎಣ್ಣಿದೀಪಾನ ಛಲೋ" ಎಂದರು.

ಕೊಳ್ಳುವಾಗ ಮೇಣ ಸವರಿದ, ತಳದಲ್ಲಿ ತಗಡಿನ ಬಿಲ್ಲೆ ಇರುವ ಹತ್ತಿ ಬತ್ತಿ ಕೇಳಿ. ಒಳಗೆ ತಂತಿ ಇದ್ದರೆ ಅದು ಯಾವ ಲೋಹ ಎಂದು ಕೇಳಿ. ಹಿಂದೆ ಸೀಸದ ತಂತಿ ಹಾಕುತ್ತಿದ್ದರು. ಉರಿದಾಗ ಸೀಸ ಗಾಳಿಗೆ ಸೇರುತ್ತದೆ ಎಂದು ಅಮೆರಿಕದಲ್ಲಿ 2003ರಲ್ಲಿ ಅದನ್ನು ನಿಷೇಧಿಸಿದರು. ಅನುಮಾನ ಬಂದರೆ ತಂತಿಯನ್ನು ಬಿಳಿ ಹಾಳೆಗೆ ತಿಕ್ಕಿ ನೋಡಿ. ಪೆನ್ಸಿಲ್‌ನಂತೆ ಬೂದು ಗೆರೆ ಬಂದರೆ ಮುಟ್ಟಬೇಡಿ.

ಪರೀಕ್ಷೆ ಮಾಡುವುದು ಹೀಗೆ. ಜಾರಿನ ಒಳಗಿನ ಅಗಲ ಅಳೆಯಿರಿ. ಬತ್ತಿ ಮಾರುವವರ ಹತ್ತಿರ ಯಾವ ಅಗಲಕ್ಕೆ ಯಾವ ನಂಬರಿನ ಬತ್ತಿ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಹೇಳಿದ್ದು ಒಂದು, ಅದಕ್ಕಿಂತ ಸಣ್ಣದು ಒಂದು, ದಪ್ಪದು ಒಂದು ತನ್ನಿ. ಮೂರು ಜಾರು ಮಾಡಿ. ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ ಹಚ್ಚಿ. ನಾಲ್ಕು ತಾಸು ಬಿಟ್ಟು ಆರಿಸಿ, ಪೂರ್ತಿ ತಣ್ಣಗಾಗಲಿ. ಮತ್ತೆ ಕತ್ತರಿಸಿ, ಮತ್ತೆ ಹಚ್ಚಿ. ಹೀಗೆ ತಳಕ್ಕೆ ಅರ್ಧ ಇಂಚು ಉಳಿಯುವ ತನಕ. ಅಂಚಿನ ತನಕ ಕರಗಿತೇ, ಎಷ್ಟು ತಾಸಿಗೆ, ಮಸಿ ಬಂತೇ, ಗ್ಲಾಸು ಹಿಡಿಯಲು ಬಂತೇ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೊನೆಯ ಭಾಗವನ್ನು ಮಾತ್ರ ಬಿಡಬೇಡಿ. ಜ್ಯೋತಿ ಜಾರಿನ ಆಳಕ್ಕೆ ಇಳಿದಷ್ಟೂ ಗ್ಲಾಸಿನ ಕಾವು ಏರುತ್ತದೆ. ಅರ್ಧದ ತನಕ ಬಂಗಾರದಂತೆ ಉರಿದದ್ದು ತಳದಲ್ಲಿ ಗ್ಲಾಸು ಒಡೆಯಬಹುದು. ಒಂದು ಜಾರಿಗೆ ಒಂದು ವಾರ ಬೇಕು. ಬೇಸರದ ಕೆಲಸ, ಒಪ್ಪುತ್ತೇನೆ.

ಇನ್ನು ಮೇಣ. ಪ್ಯಾರಾಫಿನ್ ಪೆಟ್ರೋಲಿಯಂನಿಂದ ಬರುವುದು, ಅಗ್ಗ, ಪರಿಮಳವನ್ನು ಚೆನ್ನಾಗಿ ಬಿಡುತ್ತದೆ. ಜೇನುಮೇಣ ಸುಮಾರು 62 ಡಿಗ್ರಿಗೆ ಕರಗುತ್ತದೆ, ತನ್ನದೇ ವಾಸನೆ ಇದೆ, ತುಟ್ಟಿ. ಸೋಯಾ ಮೇಣ ಎಂದರೆ ಸೋಯಾ ಎಣ್ಣೆಯನ್ನು ಗಟ್ಟಿ ಮಾಡಿದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ಧಾರವಾಡ, ಹಾವೇರಿ ಕಡೆ ಹೊಲಗಳಲ್ಲಿ ಸೋಯಾ ಅವರೆ ಬೆಳೆಯುತ್ತೇವೆ, ಆದರೆ ಆ ಮೇಣವನ್ನು ಮಾತ್ರ ಹೊರಗಿನಿಂದ ತರಿಸಿಕೊಳ್ಳುತ್ತೇವೆ. ಸೋಯಾ ಹಾಕಿದರೆ ಹೊಗೆಯೇ ಬರುವುದಿಲ್ಲ ಎಂದು ಕೆಲವರು ಮಾರುತ್ತಾರೆ. ಅದು ನಿಜವಲ್ಲ. ಬತ್ತಿ ಉದ್ದವಾದರೆ ಯಾವ ಮೇಣವಾದರೂ ಮಸಿ ಕಾರುತ್ತದೆ.

ಜಾರಿಗೆ ಹಾಕುವ ಮೆತ್ತನೆಯ ಸೋಯಾ ಮೇಣ 45ರಿಂದ 50 ಡಿಗ್ರಿಯೊಳಗೆ ಕರಗಿಬಿಡುತ್ತದೆ. ಈ ಲೆಕ್ಕವನ್ನು ನಮ್ಮ ಬೇಸಿಗೆಯ ಪಕ್ಕಕ್ಕೆ ಇಟ್ಟು ನೋಡಿ. ಏಪ್ರಿಲ್‌ನಲ್ಲಿ ನಾನು ಕಲಬುರಗಿಗೆ 12 ಜಾರು ಪಾರ್ಸೆಲ್ ಕಳಿಸಿದ್ದೆ. ಹೊರಗೆ ಬಿಸಿಲು 40 ದಾಟಿತ್ತು, ಮುಚ್ಚಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಅಲ್ಲಿಗೆ ಹೋಗಿ ಮುಟ್ಟಿದ್ದು ಕ್ಯಾಂಡಲ್ ಅಲ್ಲ, ಎಣ್ಣೆ ಕುಡಿದ ರಟ್ಟಿನ ಪೆಟ್ಟಿಗೆ. ಈಗ ಮಾರ್ಚ್‌ನಿಂದ ಮೇ ತನಕ ದೂರದೂರಿಗೆ ಕಳಿಸುವುದಿಲ್ಲ. ಊರೊಳಗೆ ಕೊಡುವುದಕ್ಕೂ ಸೋಯಾಕ್ಕೆ ಸ್ವಲ್ಪ ಜೇನುಮೇಣ ಬೆರೆಸುತ್ತೇನೆ. ಶಿರಸಿ ಕಡೆ ಜೇನು ಸಾಕುವವರಿಂದ ತರಿಸುತ್ತೇನೆ. ಬೆರೆಸಿದ ಮೇಲೆ ಬತ್ತಿಯ ಪರೀಕ್ಷೆ ಮತ್ತೆ ಮೊದಲಿನಿಂದ, ಮರೆಯಬೇಡಿ. ಚಳಿಗಾಲದ ಕಥೆಯೇ ಬೇರೆ. ಡಿಸೆಂಬರ್‌ನ ಧಾರವಾಡದಲ್ಲಿ ಗ್ಲಾಸು ತಣ್ಣಗೆ ಕೊರೆಯುತ್ತಿರುತ್ತದೆ. ಬಿಸಿ ಮೇಣ ಹೊಯ್ದರೆ ಗ್ಲಾಸಿಗೆ ಅಂಟದೆ ಅಲ್ಲಲ್ಲಿ ತೇವದ ಕಲೆಯಂತೆ ಕಾಣುತ್ತದೆ. ಜಾರನ್ನು ಮೊದಲೇ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ.

ಮಾಡುವ ಕೆಲಸಕ್ಕೆ ಬರೋಣ. ಬೇಕಾದದ್ದು ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್, ಹಿಡಿಕೆ ಇರುವ ಸ್ಟೀಲ್ ಜಗ್ಗು. ಚಮಚದ ಲೆಕ್ಕ ಬೇಡ, ಎಲ್ಲವೂ ತೂಕದಲ್ಲೇ. ಜಾರಿಗೆ ಎಷ್ಟು ಮೇಣ ಹಿಡಿಯುತ್ತದೆ ಎಂದು ತಿಳಿಯಲು, ಎಲ್ಲಿಯ ತನಕ ತುಂಬಬೇಕೋ ಅಲ್ಲಿಯ ತನಕ ನೀರು ಹಾಕಿ ತೂಗಿ. ಮೇಣ ನೀರಿಗಿಂತ ಹಗುರ. 100 ಗ್ರಾಂ ನೀರು ಹಿಡಿಯುವ ಜಾಗದಲ್ಲಿ ಸುಮಾರು 90 ಗ್ರಾಂ ಮೇಣ ಕೂರುತ್ತದೆ. ಆಮೇಲೆ ಜಾರನ್ನು ಚೆನ್ನಾಗಿ ಒಣಗಿಸಿ. ಒಳಗೆ ಒಂದು ಹನಿ ನೀರು ಉಳಿದರೂ ಉರಿಯುವಾಗ ಸಾಸಿವೆ ಸಿಡಿದಂತೆ ಚಟಪಟ ಅನ್ನುತ್ತದೆ.

ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಜಗ್ಗು ಇಡಿ. ಮೇಣವನ್ನು ನೇರ ಉರಿಗೆ ಇಡಲೇಬೇಡಿ. ಮೇಣ ನೀರಿನ ಹಾಗೆ ಕುದಿಯುವುದಿಲ್ಲ, ಗುಳ್ಳೆ ಎಬ್ಬಿಸಿ ಎಚ್ಚರಿಸುವುದಿಲ್ಲ. ಸುಮ್ನೆ ಕಾಯುತ್ತ ಹೋಗಿ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಹತ್ತಿದರೆ ನೀರು ಹಾಕಬೇಡಿ. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಮಿರ್ಚಿ ಭಜಿ ಕರಿಯುವ ನಿಮಗೆ ಹೇಳಬೇಕಿಲ್ಲ. ಒಲೆ ಆರಿಸಿ, ತಟ್ಟೆ ಮುಚ್ಚಿ, ಗಾಳಿ ತಪ್ಪಿಸಿ. ಮೇಣ ಒಲೆಯ ಮೇಲಿರುವಾಗ ಫೋನ್ ಬಂದರೂ, ಬಾಗಿಲು ಬಡಿದರೂ ಒಲೆ ಆರಿಸಿಯೇ ಏಳಬೇಕು. ಉಳಿದ ಮೇಣವನ್ನು ಬಚ್ಚಲಿಗೆ ಚೆಲ್ಲಬೇಡಿ, ಕೊಳವೆಯೊಳಗೆ ಗಟ್ಟಿಯಾಗಿ ಕೂರುತ್ತದೆ. ನಾನು ಒಮ್ಮೆ ಚೆಲ್ಲಿ, ಪ್ಲಂಬರ್‌ಗೆ ಕೊಟ್ಟ ರೊಕ್ಕದಲ್ಲಿ ಎರಡು ಕಿಲೋ ಮೇಣ ಬರುತ್ತಿತ್ತು.

ನಾನು ಸೋಯಾ ಮೇಣವನ್ನು 75-80 ಡಿಗ್ರಿ ತನಕ ಕಾಯಿಸಿ, ಇಳಿಸಿ, ಸೆಂಟು ಹಾಕಿ ಎರಡು ನಿಮಿಷ ಮೆಲ್ಲಗೆ ತಿರುವುತ್ತೇನೆ. 55-60ಕ್ಕೆ ಬಂದಾಗ ಜಾರಿಗೆ ಹೊಯ್ಯುತ್ತೇನೆ. ನಿಮ್ಮ ಮೇಣಕ್ಕೆ ಬೇರೆ ಅಂಕಿ ಇರಬಹುದು, ಮಾರಿದವರನ್ನು ಕೇಳಿ ಬರೆದುಕೊಳ್ಳಿ. ಹೊಯ್ದ ಮೇಲೆ ಫ್ಯಾನ್ ಬೇಡ. ಸೋಯಾ ಕ್ಯಾಂಡಲ್‌ಗೆ ಮುಚ್ಚಳ ಹಾಕಿ ಹತ್ತು ಹದಿನೈದು ದಿನ ಇಟ್ಟರೆ ಪರಿಮಳ ಕೂಡಿಕೊಳ್ಳುತ್ತದೆ. ಅಂದರೆ ದೀಪಾವಳಿಗೆ ಮಾರಬೇಕೆಂದರೆ ದಸರೆಗೆ ಮೊದಲೇ ಹೊಯ್ದಿರಬೇಕು. ಗಣಪತಿ ಕಳಿಸಿದ ಮಾರನೇ ದಿನ ನಮ್ಮ ಮನೆಯಲ್ಲಿ ಒಲೆ ಹತ್ತುತ್ತದೆ.

ಸೆಂಟಿನ ವಿಷಯಕ್ಕೆ ಬಂದರೆ, ನಾನು ಜಾಸ್ತಿ ಮೋಸ ಹೋದದ್ದು ಇಲ್ಲೇ. ಮೊದಮೊದಲು ಊದಿನಕಡ್ಡಿಗೆ ಹಾಕುವ ಸೆಂಟನ್ನೇ ಒಂದು ಅಂಗಡಿಯಿಂದ ತಂದೆ. ಬಾಟಲಿ ತೆರೆದರೆ ಇಡೀ ಓಣಿಗೆ ಮಲ್ಲಿಗೆ. ಮೇಣಕ್ಕೆ ಹಾಕಿದೆ, ಬೆರೆಯಲೇ ಇಲ್ಲ. ತಳದಲ್ಲಿ ಹನಿಹನಿಯಾಗಿ ಕೂತಿತು. ಹಚ್ಚಿದಾಗ ಬತ್ತಿ ಉಗುಳತೊಡಗಿತು. ಊದಿನಕಡ್ಡಿಯ ಸೆಂಟನ್ನು ತೆಳುಮಾಡಲು ಹಾಕುವ ದ್ರವ ಮೇಣಕ್ಕೆ ಹೊಂದಬೇಕೆಂದೇನೂ ಇಲ್ಲ. ಕ್ಯಾಂಡಲ್‌ಗೆಂದೇ ಮಾಡಿದ ಸುಗಂಧ ಎಣ್ಣೆ ಕೇಳಿ. ಅಂತರರಾಷ್ಟ್ರೀಯ ಸುಗಂಧ ಸಂಘ ಇಫ್ರಾದ ನಿಯಮಕ್ಕೆ ಹೊಂದುತ್ತದೆ ಎಂದು ತಯಾರಕರು ಕೊಟ್ಟ ಪ್ರಮಾಣ ಪತ್ರ ಇದೆಯೇ ಎಂದು ಕೇಳಿ. ಅದರಲ್ಲಿ 12ನೇ ವರ್ಗ ಕ್ಯಾಂಡಲ್‌ನಂಥವಕ್ಕೆ ಸಂಬಂಧಿಸಿದ್ದು. 100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ ಸಾಕು. 10ರ ಮೇಲೆ ಹೋದರೆ ಮೇಣ ಹಿಡಿದಿಟ್ಟುಕೊಳ್ಳದೆ ಮೇಲೆ ಬೆವರುತ್ತದೆ.

ಯಾವ ಪರಿಮಳ? ಪಟ್ಟಿ ಹಿಡಿದು ಹೊರಗಿನವರು ಮಾಡಿದ್ದನ್ನೇ ಮಾಡಬೇಡಿ. ನನ್ನಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುವುದು ಏಲಕ್ಕಿ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ, ಹಾರವಾಗುವುದು ಹಾವೇರಿಯಲ್ಲಿ. ಆ ಹಾರದ ವಾಸನೆ ನೆನಪಿದ್ದವರು ಜಾರು ಮೂಸಿದ ಕೂಡಲೇ ಕೊಳ್ಳುತ್ತಾರೆ. ಎರಡನೆಯದು ಮೊದಲ ಮಳೆಯ ಮಣ್ಣಿನ ವಾಸನೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರು ಅದನ್ನು ಕೇಳಿ ತರಿಸಿಕೊಳ್ಳುತ್ತಾರೆ. ಮಲ್ಲಿಗೆ ಹೋಗುತ್ತದೆ, ಆದರೆ ಸಣ್ಣ ಕೋಣೆಯಲ್ಲಿ ತಲೆನೋವು ಎಂದವರಿದ್ದಾರೆ, ಅದಕ್ಕೆ 5 ಗ್ರಾಂ ಮೀರುವುದಿಲ್ಲ. ಶ್ರೀಗಂಧ ಎಂದು ಬರೆಯುವಾಗ ಎಚ್ಚರ. ನಿಜವಾದ ಗಂಧದ ಎಣ್ಣೆ ಹಾಕಿದರೆ ನಾಲ್ಕುನೂರಕ್ಕೆ ಕೊಡಲು ಆಗುವುದೇ ಇಲ್ಲ. "ಗಂಧದ ಪರಿಮಳ" ಎಂದು ಬರೆಯಿರಿ, ಅದು ನಿಜ.

ಒಂದು ನಗೆಯ ಮಾತು. ಧಾರವಾಡದವಳಾಗಿ ಪೇಢೆ ಮಾಡದಿದ್ದರೆ ಹೇಗೆ ಎಂದು ಪೇಢೆ ಆಕಾರದ, ಪೇಢೆ ವಾಸನೆಯ ಕ್ಯಾಂಡಲ್ ಮಾಡಿದೆ. ಮೇಲೆ ಸಕ್ಕರೆಯಂತೆ ಬಿಳಿ ಮೇಣದ ಪುಡಿ. ತಂಗಿಯ ಮಗ ಮೂರು ವರ್ಷದವನು, ಬಂದವನೇ ಬಾಯಿಗೆ ಹಾಕಿ ಕಚ್ಚಿದ. ಉಗುಳಿದ, ಏನೂ ಆಗಲಿಲ್ಲ. ಆದರೆ ತಿನ್ನುವ ಪದಾರ್ಥದಂತೆ ಕಾಣುವ ಕ್ಯಾಂಡಲ್ ಅವತ್ತಿಗೇ ನಿಲ್ಲಿಸಿದೆ. ನೀವೂ ಮಾಡಬೇಡಿ.

ಜಾರಿನ ಬದಲು ಪಣತಿ ಆಗುವುದಿಲ್ಲವೇ ಎಂದು ಕೇಳಿದಿರಿ. ಸುಟ್ಟ ಮಣ್ಣು ಮೇಣ ಹೀರುತ್ತದೆ. ಹೀರಿದ ಅಂಚು ಜ್ಯೋತಿಯ ಹತ್ತಿರ ಬಂದರೆ ತಾನೇ ಬತ್ತಿಯಾಗುತ್ತದೆ. ಒಳಗೆ ಹೊಳಪು ಕೊಟ್ಟು ಸುಟ್ಟದ್ದಾದರೆ ಸರಿ. ಕುಂಬಾರರಿಗೆ ಮೊದಲೇ ಹೇಳಿ ಮಾಡಿಸಬಹುದು. ತೆಂಗಿನ ಚಿಪ್ಪು ಫೋಟೋಕ್ಕೆ ಚೆಂದ, ಆದರೆ ಅದೂ ಉರಿಯುವ ಪದಾರ್ಥವೇ. ಚಹಾದ ಗ್ಲಾಸು ತೆಳು, ಬೇಡ. ಬಣ್ಣಕ್ಕೆ ಮಕ್ಕಳ ಕ್ರೇಯಾನ್ ಹಾಕಬೇಡಿ, ಅದರ ಪುಡಿ ಬತ್ತಿಯನ್ನು ಕಟ್ಟಿಬಿಡುತ್ತದೆ. ಅಡುಗೆಯ ಬಣ್ಣ ನೀರಿನದು, ಮೇಣದಲ್ಲಿ ಕರಗುವುದಿಲ್ಲ.

ಈಗ ರೊಕ್ಕದ ಮಾತು. ನಿಮ್ಮಲ್ಲಿ ಎಷ್ಟು ಜನ ಖಡಕ್ ರೊಟ್ಟಿ ಮಾರುತ್ತೀರಿ? ಇಷ್ಟೊಂದು ಜನ! ಹಾಗಾದರೆ ಹೇಳಿ, ಹಿಟ್ಟು, ಗ್ಯಾಸ್ ಲೆಕ್ಕ ಹಾಕುತ್ತೀರಿ. ರೊಟ್ಟಿ ಬಡಿದ ಕೈಯ ಕೂಲಿ ಎಷ್ಟು ಜನ ಹಾಕುತ್ತೀರಿ? ನಗಬೇಡಿ, ನಾನೂ ಎರಡು ವರ್ಷ ಹಾಕಿರಲಿಲ್ಲ.

ನನ್ನ ಪುಸ್ತಕದಿಂದ ಒಂದು ಜಾರಿನ ಲೆಕ್ಕ ಓದುತ್ತೇನೆ. ಧಾರಣಿ ಏರಿಳಿಯುತ್ತದೆ, ನಿಮ್ಮದು ಬೇರೆ ಇರಬಹುದು. ಮೇಣ 150 ಗ್ರಾಂ, 53 ರೂಪಾಯಿ. ಸೆಂಟು 12 ಗ್ರಾಂ, 24. ಮುಚ್ಚಳ ಸಮೇತ ಜಾರು 55. ಬತ್ತಿ 5, ಸ್ಟಿಕರ್ 6, ಡಬ್ಬಿ 20, ಗ್ಯಾಸ್ 5. ಒಟ್ಟು 168. ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಒಂದು ಸಲಕ್ಕೆ 12 ಜಾರು ಮಾಡುತ್ತೇನೆ, ಹೊಯ್ಯುವುದರಿಂದ ಡಬ್ಬಿಗೆ ಹಾಕುವ ತನಕ ಮೂರು ತಾಸು. ತಾಸಿಗೆ 100 ರೂಪಾಯಿಯಂತೆ ಜಾರಿಗೆ 25. ಆಯಿತು 193. ಒಡೆದದ್ದು, ಕೆಟ್ಟದ್ದು, ಪರೀಕ್ಷೆಗೆ ಉರಿಸಿದ್ದು ಎಂದು ನೂರಕ್ಕೆ ಹತ್ತು, ಅಂದರೆ 19. ಈಗ 212. ನಾನು 400ಕ್ಕೆ ಮಾರುತ್ತೇನೆ. ಅಬ್ಬಾ, ಅರ್ಧಕ್ಕರ್ಧ ಲಾಭ ಎನ್ನಬೇಡಿ. ಗಿಫ್ಟ್ ಅಂಗಡಿಯಲ್ಲಿ ಇಟ್ಟರೆ ಅವರ ಕಮಿಷನ್ ನೂರಕ್ಕೆ 35, ಅಂದರೆ 140 ಹೋಯಿತು. ಉಳಿದದ್ದು 260, ಲಾಭ 48. ಪಕ್ಕದವರು 250ಕ್ಕೆ ಕೊಡುತ್ತಾರೆ ಎಂದು ನೀವೂ ಇಳಿಸಿ ಅದೇ ಅಂಗಡಿಗೆ ಕೊಟ್ಟರೆ ಕೈಗೆ ಬರುವುದು 162ರ ಆಸುಪಾಸು. ಸಾಮಾನಿನ ಖರ್ಚೇ 168.

ಎಲ್ಲಿ ಮಾರಬೇಕು? ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ನಮ್ಮದು ಹೋಗುವುದಿಲ್ಲ. ಅಲ್ಲಿ ಅಗ್ಗದ ಮಾಲು ರಾಶಿ ಬಿದ್ದಿರುತ್ತದೆ, ಚೌಕಾಸಿ ಜೋರು. ನನಗೆ ಕೈ ಹಿಡಿದದ್ದು ಗೃಹಪ್ರವೇಶ, ಕುಬಸ (ಸೀಮಂತ), ಮದುವೆಯ ರಿಟರ್ನ್ ಗಿಫ್ಟು. 60 ಗ್ರಾಂನ ಸಣ್ಣ ತಗಡಿನ ಡಬ್ಬಿ, ಒಮ್ಮೆಗೆ ನೂರು ಇನ್ನೂರು ಹೋಗುತ್ತವೆ. ಅರ್ಧ ರೊಕ್ಕ ಮುಂಗಡ ಕೈಗೆ ಬರದೆ ಒಲೆ ಹಚ್ಚಬೇಡಿ, ಸಂಬಂಧಿಕರಾದರೂ ಸರಿ. ಸಂಬಂಧಿಕರಾದರೆ ಇನ್ನೂ ಸರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ, ಸ್ವಸಹಾಯ ಸಂಘಗಳ ಮಾಲು ಮಾರುವ ಸರಸ್ ಮೇಳದಂಥ ಕಡೆ ಮಳಿಗೆ ಸಿಕ್ಕರೆ ಬಿಡಬೇಡಿ. ಮಾರಾಟಕ್ಕಿಂತ ಜನ ಮೂಸಿ ಮುಖ ಹೇಗೆ ಮಾಡುತ್ತಾರೆ ಎಂದು ನೋಡಲು ಅದು ಒಳ್ಳೆಯ ಜಾಗ. ಅಂಗಡಿಗೆ ಉದ್ರಿ ಕೊಟ್ಟರೆ ತಾರೀಕು ಬರೆಸಿಕೊಳ್ಳಿ. ಒಂದು ಅಂಗಡಿಯವರು ನನ್ನ 20 ಜಾರನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಬಣ್ಣ ಹೋದ ಮೇಲೆ ವಾಪಸ್ ಕೊಟ್ಟರು. ಅದು ಅವರ ತಪ್ಪೋ, ಹೇಳದ ನನ್ನ ತಪ್ಪೋ, ಲುಕ್ಸಾನಂತೂ ನನ್ನದೇ.

ಡಬ್ಬಿಯ ಮೇಲೆ ಏನಿರಬೇಕು? 2011ರ ಪೊಟ್ಟಣ ಸರಕಿನ ನಿಯಮದ ಪ್ರಕಾರ ನಿಮ್ಮ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಫೋನ್ ನಂಬರು. ತಳದಲ್ಲಿ ಎಚ್ಚರಿಕೆ, ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ: ಹಚ್ಚಿ ಬಿಟ್ಟು ಹೋಗಬೇಡಿ, ಮಕ್ಕಳಿಂದ ದೂರ ಇಡಿ, ಪರದೆ ಹತ್ತಿರ ಬೇಡ, ಪ್ರತಿ ಸಲ ಬತ್ತಿ ಕತ್ತರಿಸಿ, ನಾಲ್ಕು ತಾಸಿಗಿಂತ ಜಾಸ್ತಿ ಉರಿಸಬೇಡಿ, ಅರ್ಧ ಇಂಚು ಉಳಿದಾಗ ನಿಲ್ಲಿಸಿ. ಮೊದಲ ಸಲ ಅಂಚಿನ ತನಕ ಕರಗುವವರೆಗೆ ಆರಿಸಬೇಡಿ ಎಂದೂ ಬರೆಯಿರಿ. ಮೊದಲ ಸಲ ಎಲ್ಲಿಗೆ ನಿಲ್ಲುತ್ತದೋ ಮುಂದೆಯೂ ಅಲ್ಲೇ ಬಾವಿ ಬೀಳುತ್ತದೆ. ನಿದ್ದೆ ಬರುತ್ತದೆ, ಬಿಪಿ ಇಳಿಯುತ್ತದೆ ಎಂದೆಲ್ಲ ಬರೆಯಬೇಡಿ. ದಮ್ಮು ಇರುವವರ ಮನೆಗಾದರೆ ಸೆಂಟಿಲ್ಲದ್ದೇ ಕೊಡುತ್ತೇನೆ.

ಪ್ರಶ್ನೆಗಳು ಬಹಳ ಬಂದವು, ಮುಖ್ಯವಾದವು ಇಷ್ಟು.

"ಅಕ್ಕಾ, ಲೈಸನ್ಸು, ಜಿಎಸ್‌ಟಿ ಏನಾರ ಬೇಕೇನ್ರೀ?" ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಎರಡೂ ಬೇಕು, ಸರ್ಕಾರ ಅದಕ್ಕೆ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ. ಕರ್ನಾಟಕದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಕಳಿಸುವ ಮುಂಚೆ ಮಾತ್ರ ತಿಳಿದವರನ್ನು ಕೇಳಿ, ಅಲ್ಲಿ ನಿಯಮ ಬೇರೆ.

"ಸಾಲ ತಗೊಂಡು ಶುರು ಮಾಡ್ಲೇನ್ರೀ?" ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ತನಕ ಸಿಗುತ್ತದೆ. ಧಾರವಾಡದಲ್ಲಿ ಸ್ವಂತ ಉದ್ಯಮಕ್ಕೆ ತರಬೇತಿ ಕೊಡುವ ಸಿಡಾಕ್ ಇದೆ, ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಹೋಗಿ ಕೇಳಿ. ಆದರೆ ಮೊದಲ ಪರೀಕ್ಷೆಗೆ ಸಾಲ ಬೇಡ. ಎರಡು ಕಿಲೋ ಮೇಣ, ಒಂದು ಸೆಂಟು, ಒಂದೇ ಅಳತೆಯ ಜಾರು, ಮೂರು ಥರದ ಬತ್ತಿ ಸಾಕು.

"ಮಷೀನು ಕೊಡ್ತಾರಂತ, ಮಾಲೂ ಅವ್ರ ತಗೋತಾರಂತ?" ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ನಮ್ಮ ಓಣಿಯ ಒಬ್ಬ ಕಾಕಿ ಹಾಗೇ ನಂಬಿ ಬಂಗಾರ ಅಡವಿಟ್ಟರು. ಮಷೀನು ಕೊಟ್ಟವರು ಮೊದಲ ಸಲದ ಮಾಲು ಕೊಂಡರು. ಎರಡನೇ ಸಲ ಕ್ವಾಲಿಟಿ ಸರಿಯಿಲ್ಲ ಎಂದರು. ಮೂರನೇ ಸಲ ಫೋನೇ ಎತ್ತಲಿಲ್ಲ. ಮಷೀನು ಈಗಲೂ ಅವರ ಅಟ್ಟದ ಮೇಲಿದೆ. ನನ್ನ ಹತ್ತಿರ ಇವತ್ತಿಗೂ ಮಷೀನು ಇಲ್ಲ.

ಇಷ್ಟು ಹೊತ್ತಿಗೆ ಎರಡು ತಾಸು ಮೀರಿತ್ತು. ಎಲ್ಲರೂ ಮೇಜಿನ ಸುತ್ತ ಬಂದರು. ಎಡಗಡೆಯ ಸಣ್ಣ ಬತ್ತಿ ನಡುವೆ ಬಾವಿ ತೋಡಿತ್ತು, ಸುತ್ತ ಹೆಬ್ಬೆರಳಗಲ ಮೇಣ ಹಾಗೇ ನಿಂತಿತ್ತು. ಬಲಗಡೆಯದು ಅಂಚಿನ ತನಕ ಕರಗಿ ಎಣ್ಣೆಯಂತಾಗಿತ್ತು, ಗ್ಲಾಸಿನ ಮೇಲ್ತುದಿಗೆ ಮಸಿ. ಒಬ್ಬ ಅಜ್ಜಿ ಮುಟ್ಟಿ, "ಯವ್ವಾ, ಕೈ ಸುಡ್ತೈತಿ" ಎಂದು ಬೆರಳನ್ನು ಕಿವಿಗೆ ಹಚ್ಚಿಕೊಂಡರು. ನಡುವಿನದನ್ನು ತೋರಿಸಿ, ಇದು ನೋಡಿ ಸರಿಯಾದದ್ದು ಎಂದು ಹೇಳಲು ಬಾಯಿ ತೆರೆದೆ. ಒಂದು ಬದಿಗೆ ಅಂಚಿನ ತನಕ ಕರಗಿತ್ತು. ಇನ್ನೊಂದು ಬದಿಗೆ ಅರ್ಧಚಂದ್ರದಂತೆ ಬಿಳಿ ಮೇಣ ಗಟ್ಟಿಯಾಗಿಯೇ ಇತ್ತು. ಜ್ಯೋತಿ ಎರಡು ತಾಸೂ ಒಂದೇ ಕಡೆಗೆ ವಾಲಿ ಉರಿದಿತ್ತು.

ಅದೇ ಅಜ್ಜಿ ತಲೆ ಎತ್ತಿ ಫ್ಯಾನ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಚೀಲದಿಂದ ನೋಟ್‌ಬುಕ್ ತೆಗೆದು ತಾರೀಕು ಹಾಕಿ, ಬತ್ತಿಯ ನಂಬರು ಬರೆದು, ಪಕ್ಕದಲ್ಲಿ "ಫ್ಯಾನ್, ಒಂದರ ಮೇಲೆ" ಎಂದು ಬರೆದುಕೊಂಡೆ.